ಮರಣದಂಡನೆ : ಪಾಲಾರ್ ಪ್ರಕರಣ ಕಲಿಸುವ ಪಾಠ



ಕೊಲೆ ಮಾಡಿದವನನ್ನು ಗಲ್ಲಿಗೇರಿಸಬೇಕೇ, ಬೇಡವೇ? ದೂರದ ದೆಹಲಿಯ ಸುದ್ದಿ ಓದಿದಾಗ ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ನಮ್ಮ ಸೀಮೆಯಲ್ಲಿಯೇ ನಡೆದ ಘಟನೆಯನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ಉತ್ತರ ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ಆದ್ದರಿಂದ ಈ ಸಂಚಿಕೆಯ ಚಿಂತನೆಗೆ ನೀಲಗಿರಿಯ ಭಕ್ತರೆಲ್ಲರೂ ಬಲ್ಲ ಒಂದು ಪ್ರಕರಣವನ್ನು ಆರಿಸಿಕೊಂಡಿದ್ದೇವೆ.

ನಡೆದದ್ದೇನು?

ಉದಕಮಂಡಲ, ಗೂಡಲೂರು, ಮಸಿನಗುಡಿಗಳಿಂದ ಮಲೆಯ ಮಾದಪ್ಪನ ಸನ್ನಿಧಿಗೆ ಹೋಗಿಬರುವ ಭಕ್ತರಿಗೆ ಪಾಲಾರ್ ಎಂಬ ಹೆಸರು ಹೊಸದಲ್ಲ. ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ದಾರಿಯಲ್ಲಿ, ಕರ್ನಾಟಕ ತಮಿಳುನಾಡುಗಳ ಗಡಿಯಲ್ಲಿ ಅದು ಇದೆ. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ಅಲ್ಲಿ ನೆಲದಲ್ಲಿ ಹೂತಿಟ್ಟಿದ್ದ ಸ್ಫೋಟಕ ಸಿಡಿದು 22 ಮಂದಿ ಮಡಿದರು. ಅವರಲ್ಲಿ ಪೊಲೀಸರಿದ್ದರು, ಅರಣ್ಯ ಕಾವಲುಗಾರರಿದ್ದರು, ದಾರಿ ತೋರಿಸಲು ಬಂದ ಹಳ್ಳಿಯ ಬಡವರಿದ್ದರು. ಆ ದಿನದ ಘೋರವನ್ನು ಯಾವ ಮಾತಿನಿಂದಲೂ ಕಡಿಮೆ ಮಾಡುವಂತಿಲ್ಲ, ಮಾಡಲೂ ಬಾರದು.

ಆಗ ಜಾರಿಯಲ್ಲಿದ್ದ ಟಾಡಾ ಕಾಯಿದೆಯಡಿ ಮೊಕದ್ದಮೆ ನಡೆಯಿತು. ಈ ಕಾಯಿದೆಯ ಎರಡು ಅಂಶಗಳನ್ನು ತಿಳಿದುಕೊಳ್ಳಬೇಕು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆ ಇಲ್ಲ. ಟಾಡಾದಲ್ಲಿ ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು. ಎರಡನೆಯದಾಗಿ, ಆ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗುವಂತಿರಲಿಲ್ಲ. ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬೇಕಿತ್ತು. ನ್ಯಾಯದ ಏಣಿಯಲ್ಲಿ ಒಂದು ಮೆಟ್ಟಿಲೇ ಇಲ್ಲದಂತಾಯಿತು. ಈ ಕಾಯಿದೆ 1995ರಲ್ಲಿ ಕೊನೆಗೊಂಡಿತಾದರೂ ಅದರಡಿ ಹೂಡಿದ್ದ ಮೊಕದ್ದಮೆಗಳು ಮುಂದುವರಿದವು.

2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಿತು. ವರ್ಷಗಟ್ಟಲೆ ಜೈಲಿನಲ್ಲಿದ್ದ ಕಾಡಂಚಿನ ಬಹುಮಂದಿ ನಿರ್ದೋಷಿಗಳೆಂದು ಹೊರಬಂದರು. ಸೈಮನ್, ಜ್ಞಾನಪ್ರಕಾಶಂ, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಯಿತು. 2004ರ ಜನವರಿ 29ರಂದು ಸುಪ್ರೀಂ ಕೋರ್ಟು ಮೇಲ್ಮನವಿಯ ವಿಚಾರಣೆ ಮುಗಿಸಿ ಆ ನಾಲ್ವರ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಅದೇ ವರ್ಷದ ಅಕ್ಟೋಬರ್ 18ರಂದು ವೀರಪ್ಪನ್ ಧರ್ಮಪುರಿ ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದನು. ನಾಯಕನ ಕಥೆ ಮುಗಿಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ನಾಲ್ವರ ಕಾಯುವಿಕೆ ಅಲ್ಲಿಂದ ಆರಂಭವಾಯಿತು.

ಕಾಯುವುದೇ ಒಂದು ದಂಡನೆ

ಮರಣದಂಡನೆ ಎಂದರೆ ಒಂದು ಬೆಳಗಿನ ಜಾವದ ಕೆಲಸವೆಂದು ನಾವು ತಿಳಿದಿದ್ದೇವೆ. ನಿಜದಲ್ಲಿ ಅದು ವರ್ಷಗಳ ದಂಡನೆ. ಸಂವಿಧಾನದ 161ನೆಯ ವಿಧಿಯಂತೆ ರಾಜ್ಯಪಾಲರಿಗೂ 72ನೆಯ ವಿಧಿಯಂತೆ ರಾಷ್ಟ್ರಪತಿಗಳಿಗೂ ಕ್ಷಮಾದಾನದ ಅಧಿಕಾರವಿದೆ. ಪಾಲಾರ್ ಪ್ರಕರಣದ ನಾಲ್ವರು 2004ರಲ್ಲಿಯೇ ಅರ್ಜಿ ಸಲ್ಲಿಸಿದರು. ಅದು ಇತ್ಯರ್ಥವಾದದ್ದು 2013ರ ಫೆಬ್ರವರಿಯಲ್ಲಿ. ಒಂಬತ್ತು ವರ್ಷಗಳ ಕಾಲ, ನಾಳೆ ಏನಾಗುವುದೋ ಎಂದು ತಿಳಿಯದೆ ಅವರು ಬದುಕಿದರು. ಕಾರಿಡಾರಿನಲ್ಲಿ ಕಾಲಸಪ್ಪಳ ಕೇಳಿದರೆ ಆದೇಶ ಬಂತೇ ಎಂಬ ಭಯ. ಬೀಗ ತೆಗೆದ ಸದ್ದಾದರೆ ಅದೇ ಭಯ.

ಈ ದಂಡನೆಯಲ್ಲಿ ಕೈದಿಯ ಮನೆಯವರಿಗೂ ಪಾಲಿದೆ. ಮಲೆಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಂದ ಬೆಳಗಾವಿಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಕೂಲಿನಾಲಿ ಮಾಡಿ ಬದುಕುವ ಮನೆಯ ಹೆಣ್ಣುಮಗಳು ಒಂದು ಭೇಟಿಗಾಗಿ ಎಷ್ಟು ದಿನದ ಕೂಲಿ ಕಳೆದುಕೊಳ್ಳಬೇಕು, ಎಷ್ಟು ಬಸ್ಸು ಹತ್ತಿ ಇಳಿಯಬೇಕು, ಭಕ್ತರೇ ಲೆಕ್ಕ ಹಾಕಲಿ. ಗಂಡ ಸತ್ತರೆ ಊರು ಬಂದು ಸಾಂತ್ವನ ಹೇಳುತ್ತದೆ. ಗಲ್ಲಿನ ಕೈದಿಯ ಹೆಂಡತಿ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ ಎಂಬ ಸ್ಥಿತಿಯಲ್ಲಿ ಇರುತ್ತಾಳೆ. ಅವಳ ಅಂಗಳಕ್ಕೆ ಯಾರೂ ಬರುವುದಿಲ್ಲ. ಮಕ್ಕಳ ಮದುವೆಯ ಮಾತು ಬಂದಾಗ ಮನೆತನದ ಹೆಸರೇ ಅಡ್ಡಿಯಾಗುತ್ತದೆ. ಆ ಮಕ್ಕಳು ಯಾವ ಕೊಲೆಯನ್ನೂ ಮಾಡಿದವರಲ್ಲ.

ಏಕಾಂತ ಸೆರೆಯ ವಿಷಯವೂ ಇದೆ. ಕ್ಷಮಾದಾನದ ಎಲ್ಲ ದಾರಿಗಳೂ ಮುಗಿಯುವ ಮುನ್ನ ಗಲ್ಲಿನ ಕೈದಿಯನ್ನು ಏಕಾಂತದಲ್ಲಿ ಇಡಬಾರದೆಂದು ಸುಪ್ರೀಂ ಕೋರ್ಟು 1978ರಲ್ಲಿಯೇ ಹೇಳಿದೆ. ಆದರೂ ಬೆಂಗಳೂರಿನ ಒಂದು ಕೊಲೆ ಪ್ರಕರಣದ ಕೈದಿಯನ್ನು ಬೆಳಗಾವಿಯಲ್ಲಿ ಸುಮಾರು ಹತ್ತು ವರ್ಷ ಹಾಗೆಯೇ ಇಡಲಾಗಿತ್ತು. 2022ರ ನವೆಂಬರಿನಲ್ಲಿ ಇದನ್ನು ಪರಿಗಣಿಸಿದ ಸುಪ್ರೀಂ ಕೋರ್ಟು ಅವನ ಗಲ್ಲನ್ನು ರದ್ದುಗೊಳಿಸಿ ಕನಿಷ್ಠ 30 ವರ್ಷಗಳ ಸೆರೆಯನ್ನು ವಿಧಿಸಿತು.

2014ರ ತೀರ್ಪು

ರಾಷ್ಟ್ರಪತಿಗಳು ಅರ್ಜಿ ತಿರಸ್ಕರಿಸಿದ ಮೇಲೆ ಪಾಲಾರ್ ನಾಲ್ವರ ಪರವಾಗಿ ಸುಪ್ರೀಂ ಕೋರ್ಟಿನ ಮೊರೆ ಹೋಗಲಾಯಿತು. ಗಲ್ಲಿಗೆ ತಡೆ ಸಿಕ್ಕಿತು. ಆದರೆ 2013ರ ಏಪ್ರಿಲಿನಲ್ಲಿ ಬೇರೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯದ ಒಂದು ಪೀಠ, ಟಾಡಾದಂತಹ ಕಾಯಿದೆಯಡಿ ಶಿಕ್ಷೆಯಾದವರು ವಿಳಂಬದ ಕಾರಣ ಹೇಳಿ ರಿಯಾಯಿತಿ ಕೇಳುವಂತಿಲ್ಲ ಎಂದಿತ್ತು. ಹೀಗಾಗಿ ದಾರಿ ಮುಚ್ಚಿದಂತೆಯೇ ಕಂಡಿತ್ತು.

2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ನೇತೃತ್ವದ ಮೂವರ ಪೀಠ ಆ ದಾರಿಯನ್ನು ತೆರೆಯಿತು. ಸದಾಶಿವಂ ಅವರು ನಮ್ಮ ನೆರೆಯ ಈರೋಡು ಜಿಲ್ಲೆಯ ಭವಾನಿ ಸೀಮೆಯವರು. ಶತ್ರುಘ್ನ ಚೌಹಾಣ್ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ ಪಾಲಾರಿನ ನಾಲ್ವರೂ ಸೇರಿ 15 ಮಂದಿಯ ಗಲ್ಲು ಜೀವಾವಧಿಗೆ ಇಳಿಯಿತು. ಕಾರಣವಿಲ್ಲದ ದೀರ್ಘ ವಿಳಂಬವೂ ಒಂದು ಹಿಂಸೆ. ಯಾವ ಕಾಯಿದೆಯಡಿ ಶಿಕ್ಷೆಯಾಯಿತೆಂಬುದರಿಂದ ಆ ಹಿಂಸೆ ಹೆಚ್ಚು ಕಡಿಮೆಯಾಗುವುದಿಲ್ಲ ಎಂಬುದು ತೀರ್ಪಿನ ಸಾರ. ಬುದ್ಧಿಭ್ರಮಣೆಗೆ ಒಳಗಾದವನನ್ನು ಗಲ್ಲಿಗೇರಿಸಬಾರದು. ಕ್ಷಮಾದಾನ ತಿರಸ್ಕಾರವಾದ ಸುದ್ದಿ ತಿಳಿಸಿದ ಮೇಲೆ ಕನಿಷ್ಠ 14 ದಿನ ಬಿಡಬೇಕು. ಮನೆಯವರಿಗೆ ಮುಂಚಿತವಾಗಿ ತಿಳಿಸಿ ಕೊನೆಯ ಭೇಟಿಗೆ ಅವಕಾಶ ಕೊಡಬೇಕು. ಕೊನೆಯವರೆಗೂ ವಕೀಲರ ನೆರವು ಇರಬೇಕು ಎಂಬ ನಿಯಮಗಳೂ ಅಲ್ಲಿಯೇ ಬಂದವು.

ಗಮನಿಸಿ: ನ್ಯಾಯಾಲಯ ಅವರನ್ನು ನಿರ್ದೋಷಿಗಳೆನ್ನಲಿಲ್ಲ, ಮನೆಗೆ ಕಳುಹಿಸಲೂ ಇಲ್ಲ. ಅಪರಾಧಕ್ಕೆ ಶಿಕ್ಷೆ ಉಳಿಯಿತು. ಪ್ರಾಣ ತೆಗೆಯುವುದು ಮಾತ್ರ ನಿಂತಿತು.

ಮಡಿದವರ ಮನೆಯ ಮಾತು

ಇಲ್ಲಿ ಕೆಲವು ಭಕ್ತರು ಕೇಳಬಹುದು: ಕೊಂದವರ ನೋವನ್ನು ಇಷ್ಟು ಹೇಳುತ್ತೀರಲ್ಲ, ಸತ್ತ 22 ಮಂದಿಯ ಮನೆಯವರ ಗತಿಯೇನು? ಈ ಪ್ರಶ್ನೆ ನ್ಯಾಯವಾದದ್ದು. ಮರಣದಂಡನೆ ಬೇಡವೆನ್ನುವವರು ಇದಕ್ಕೆ ಮೊದಲು ಉತ್ತರ ಕೊಡಬೇಕು.

ಮಡಿದವರ ಮನೆಯೂ ಅಷ್ಟೇ ವರ್ಷ ಕಾದಿತು. 1993ರಿಂದ 2014ರವರೆಗೆ, ಇಪ್ಪತ್ತೊಂದು ವರ್ಷ. ಪ್ರತಿ ತೀರ್ಪಿಗೊಮ್ಮೆ ಪತ್ರಿಕೆಯವರು ಬರುತ್ತಾರೆ, ಹಳೆಯ ಗಾಯವನ್ನು ಕೆದಕಿ ಹೋಗುತ್ತಾರೆ. ಗಲ್ಲಾದರೆ ನಿಮಗೆ ನೆಮ್ಮದಿ ಎಂದು ಅವರಿಗೆ ಭರವಸೆ ಕೊಡಲಾಗುತ್ತದೆ. ಆ ನೆಮ್ಮದಿಯನ್ನು ಮುಂದಕ್ಕೆ ಮುಂದಕ್ಕೆ ಹಾಕಲಾಗುತ್ತದೆ. ಮಗನನ್ನು ಓದಿಸಲು ಹಣ ಬೇಕಾದಾಗ, ಮನೆಯ ಸೂರು ಸೋರಿದಾಗ ಯಾರು ಬಂದರು? ಸರಕಾರ ಕೊಡಬೇಕಾದ ನೆರವನ್ನು ಕೊಡದೆ ಗಲ್ಲನ್ನೇ ನೆರವೆಂದು ತೋರಿಸಿದರೆ ಅದು ನ್ಯಾಯವಾಗದು.

ಅದೇ ಕಾಡಿನಲ್ಲಿ ಇನ್ನೊಂದು ಬಗೆಯ ನೋವೂ ಇತ್ತು. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಎರಡೂ ರಾಜ್ಯಗಳ ಕಾರ್ಯಪಡೆಯಿಂದ ಹಿಂಸೆಗೊಳಗಾದ ಹಳ್ಳಿಗರ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಕಾಡಂಚಿನ ಒಂದೇ ಹಳ್ಳಿಯಲ್ಲಿ ಮೂರೂ ಬಗೆಯ ಮನೆಗಳಿರಬಹುದು: ಕೊಲೆಯಾದವನ ಮನೆ, ಕೊಂದವನ ಮನೆ, ಏನೂ ಮಾಡದೆ ಹೊಡೆತ ತಿಂದವನ ಮನೆ. ಮೂವರೂ ಬಡವರೇ.

ತಪ್ಪಿದರೆ ತಿದ್ದಲಾಗದು

ಭಾರತದಲ್ಲಿ ಗಲ್ಲು ಎಲ್ಲ ಕೊಲೆಗೂ ಇಲ್ಲ. 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಮಾತ್ರ ಸೀಮಿತಗೊಳಿಸಿತು. ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅದನ್ನೂ ಒಪ್ಪಲಿಲ್ಲ. ಈ ದಂಡನೆ ಬಡವರ ಕೊರಳಿಗೇ ಬೀಳುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಅಂಕಿಅಂಶ ಕೊಟ್ಟಿತು. ಗಲ್ಲಿನ ಕೈದಿಗಳಲ್ಲಿ ನೂರಕ್ಕೆ 74 ಮಂದಿ ಆರ್ಥಿಕವಾಗಿ ದುರ್ಬಲರು. ಕೆಳಗಿನ ನ್ಯಾಯಾಲಯಗಳು ಕೊಟ್ಟ ಗಲ್ಲಿನ ತೀರ್ಪುಗಳಲ್ಲಿ ಕೊನೆಯವರೆಗೆ ಉಳಿಯುವುದು ನೂರಕ್ಕೆ ಐದರಷ್ಟು ಮಾತ್ರ. ಉಳಿದ 95 ಮಂದಿ ಅಷ್ಟು ಕಾಲ ಕೊರಳಲ್ಲಿ ಹಗ್ಗದ ನೆನಪು ಹೊತ್ತು ಬದುಕಿದ್ದು ಯಾವ ನ್ಯಾಯಕ್ಕಾಗಿ?

ಉನ್ನತ ನ್ಯಾಯಾಲಯವೂ ಮನುಷ್ಯರದೇ. ಹಿಂದಿನ ಒಂದು ತಪ್ಪು ತೀರ್ಪನ್ನು ಅನುಸರಿಸಿ ಹಲವರಿಗೆ ಗಲ್ಲು ವಿಧಿಸಲಾಗಿದೆ ಎಂದು ಸುಪ್ರೀಂ ಕೋರ್ಟು 2009ರಲ್ಲಿ ತಾನೇ ಒಪ್ಪಿಕೊಂಡಿತು.  ರಾಜಸ್ಥಾನದ ಇಬ್ಬರನ್ನು ಅಷ್ಟರಲ್ಲಾಗಲೇ ಗಲ್ಲಿಗೇರಿಸಿ ಆಗಿತ್ತು. ಇನ್ನೊಂದು ನಿದರ್ಶನ ಮಹಾರಾಷ್ಟ್ರದ್ದು. ಅಲೆಮಾರಿ ಬುಡಕಟ್ಟಿನ ಆರು ಮಂದಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲನ್ನು ಖಚಿತಗೊಳಿಸಿತ್ತು. ಅವರಲ್ಲಿ ಮೂವರಿಗೆ ಹೈಕೋರ್ಟು ಕೊಟ್ಟಿದ್ದ ಜೀವಾವಧಿಯನ್ನು, ಪಾಲಾರ್ ಪ್ರಕರಣದಂತೆಯೇ, ಗಲ್ಲಿಗೆ ಏರಿಸಲಾಗಿತ್ತು. 2019ರ ಮಾರ್ಚಿನಲ್ಲಿ ಅದೇ ನ್ಯಾಯಾಲಯ ಆ ಆರು ಮಂದಿಯೂ ನಿರ್ದೋಷಿಗಳೆಂದು ಬಿಟ್ಟಿತು. ಹತ್ತು ವರ್ಷ ತಡವಾದದ್ದರಿಂದ ಅವರು ಬದುಕಿದರು. ಕೊಟ್ಟ ಸೆರೆವಾಸಕ್ಕೆ ಪರಿಹಾರವನ್ನಾದರೂ ಕೊಡಬಹುದು. ತೆಗೆದ ಪ್ರಾಣಕ್ಕೆ ಯಾವ ಪರಿಹಾರ?

ಕಲ್ಯಾಣವೂ ನಮ್ಮ ಬೆಟ್ಟವೂ

ಶರಣ ಪರಂಪರೆಯಲ್ಲಿ ಬೆಳೆದವರಿಗೆ ಮರಣದಂಡನೆ ಓದಿ ತಿಳಿಯುವ ವಿಷಯವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರಿಗೂ ಮಧುವರಸರಿಗೂ ಬಿಜ್ಜಳನ ಆಜ್ಞೆಯಿಂದ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಜಾತಿಯ ಗೋಡೆ ದಾಟಿ ತಮ್ಮ ಮಕ್ಕಳಿಗೆ ಮದುವೆ ಮಾಡಿಸಿದ್ದೇ ಅವರ ಅಪರಾಧ. ಇಂದು ನಾವು ಅವರನ್ನು ಹುತಾತ್ಮರೆಂದು ನೆನೆಯುತ್ತೇವೆ. ಅಂದಿನ ರಾಜ್ಯದ ಕಣ್ಣಿಗೆ ಅವರು ಸಾಯಲೇಬೇಕಾದ ಅಪರಾಧಿಗಳಾಗಿದ್ದರು. ಆ ದಂಡನೆಯಿಂದ ಕಲ್ಯಾಣದಲ್ಲಿ ಶಾಂತಿ ನೆಲೆಸಲಿಲ್ಲ. ರಾಜನ ಕೊಲೆಯಾಯಿತು, ಶರಣರು ದಿಕ್ಕುಪಾಲಾದರು. ಕೊಲ್ಲುವ ಅಧಿಕಾರವನ್ನು ರಾಜ್ಯದ ಕೈಗೆ ಕೊಟ್ಟರೆ ಅದು ಪ್ರತಿ ಸಲವೂ ಸರಿಯಾದವನ ಮೇಲೆಯೇ ನಡೆಯುವುದೆಂಬ ಭರವಸೆ ಇಲ್ಲ ಎಂಬುದಕ್ಕೆ ನಮ್ಮ ಚರಿತ್ರೆಯೇ ಸಾಕ್ಷಿ.

ನೀಲಗಿರಿಯ ಬಡಗ ಬಂಧುಗಳಲ್ಲಿ ಕರು ಹರಚುವ ಶಾಸ್ತ್ರವೆಂಬುದು ಹಿಂದಿನಿಂದ ನಡೆದು ಬಂದಿದೆ. ಸಾವಿನ ಮನೆಯಲ್ಲಿ ಊರಿನ ಹಿರಿಯರು ಶವದ ಮುಂದೆ ನಿಂತು, ಸತ್ತವನೂ ಅವನ ಹಿರಿಯರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಗಡಿಕಲ್ಲು ಸರಿಸಿದ್ದು, ಹರಿದಾಡುವ ಜೀವಿಯನ್ನು ಕೊಂದದ್ದು, ಇಂತಹ ಎಷ್ಟೋ. ನೆರೆದವರೆಲ್ಲರೂ ಅದು ಪಾಪವೆಂದು ದನಿಗೂಡಿಸುತ್ತಾರೆ. ಆ ಪಾಪದ ಹೊರೆಯನ್ನು ಬಸವನೆಂದು ಭಾವಿಸಿದ ಕರುವಿನ ಮೇಲಿಟ್ಟು, ಬಿಡುಗಡೆಯನ್ನು ಬೇಡುತ್ತಾರೆ. ಇದರಲ್ಲಿ ದೊಡ್ಡ ವಿವೇಕವಿದೆ. ಪಾಪವನ್ನು ಮುಚ್ಚಿಡುವುದಿಲ್ಲ, ಎಲ್ಲರೆದುರು ಹೆಸರಿಟ್ಟು ಹೇಳುತ್ತಾರೆ. ಆದರೂ ಮನುಷ್ಯನಿಗೆ ಬಾಗಿಲನ್ನು ಮುಚ್ಚುವುದಿಲ್ಲ. ಅಪರಾಧವನ್ನು ಪೂರ್ತಿಯಾಗಿ ಅಪರಾಧವೆನ್ನಬೇಕು, ಅಪರಾಧಿಯನ್ನು ಮನುಷ್ಯನೆಂದು ಉಳಿಸಿಕೊಳ್ಳಬೇಕು. ಈ ವಿಷಯದಲ್ಲಿ ನಮ್ಮ ನಿಲುವೂ ಇದೇ.

ಸುಧಾರಣೆಯ ದಾರಿ ಎಲ್ಲಿಯವರೆಗೆ ಬಂದಿದೆ?

ಇದು ಹೊಸ ವಿಚಾರವೇನಲ್ಲ. ಗೂಡಲೂರಿನಾಚೆಯ ಕೇರಳದಲ್ಲಿ, ಆಗಿನ ತಿರುವಾಂಕೂರು ಸಂಸ್ಥಾನ 1944ರಲ್ಲಿಯೇ ಮರಣದಂಡನೆಯನ್ನು ಕೈಬಿಟ್ಟಿತ್ತು. ಸ್ವಾತಂತ್ರ್ಯಾನಂತರ ದೇಶದ ಸಾಮಾನ್ಯ ಕಾನೂನು ಬಂದಾಗ ಅದು ಮರಳಿ ಬಂತು. ಡಾ. ಅಂಬೇಡ್ಕರ್ ಅವರು 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ, ಅಹಿಂಸೆಯನ್ನು ಆದರ್ಶವೆಂದು ನಂಬುವ ಈ ದೇಶ ಮರಣದಂಡನೆಯನ್ನು ಪೂರ್ತಿಯಾಗಿ ತೆಗೆಯುವುದೇ ಸರಿ ಎಂಬ ಅಭಿಪ್ರಾಯ ಕೊಟ್ಟರು. ನೆರೆಯ ನೇಪಾಳ, ಭೂತಾನಗಳಲ್ಲಿ ಇಂದು ಮರಣದಂಡನೆ ಇಲ್ಲ. 2024ರ ಅಂತ್ಯಕ್ಕೆ ಜಗತ್ತಿನ 113 ದೇಶಗಳು ಅದನ್ನು ಸಂಪೂರ್ಣವಾಗಿ ಕೈಬಿಟ್ಟಿದ್ದವು.

ನಮ್ಮ ಕಾನೂನು ಆಯೋಗ ನ್ಯಾಯಮೂರ್ತಿ ಎ.ಪಿ. ಷಾ ಅವರ ಅಧ್ಯಕ್ಷತೆಯಲ್ಲಿ 2015ರಲ್ಲಿ ತನ್ನ 262ನೆಯ ವರದಿಯನ್ನು ಕೊಟ್ಟಿತು. ಜೀವಾವಧಿಗಿಂತ ಗಲ್ಲು ಹೆಚ್ಚು ಭಯ ಹುಟ್ಟಿಸಿ ಅಪರಾಧ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅದು ಹೇಳಿತು. ಭಯೋತ್ಪಾದನೆಯ ಹಾಗೂ ದೇಶದ ವಿರುದ್ಧ ಯುದ್ಧ ಹೂಡುವ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಗಲ್ಲನ್ನು ತೆಗೆಯಬೇಕೆಂದು ಸೂಚಿಸಿತು. ಮೂವರು ಸದಸ್ಯರು ಭಿನ್ನಮತ ಬರೆದರು. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಶಿಫಾರಸು ಕಾನೂನಾದರೂ ಟಾಡಾದಡಿ ಶಿಕ್ಷೆಯಾದ ಪಾಲಾರ್ ನಾಲ್ವರಂತಹವರು ಅದರ ಹೊರಗೇ ಉಳಿಯುತ್ತಿದ್ದರು. ತಪ್ಪು ಸಾಕ್ಷ್ಯ, ಬಲವಂತದ ತಪ್ಪೊಪ್ಪಿಗೆಗಳ ಅಪಾಯ ಎಲ್ಲಿ ಹೆಚ್ಚೋ ಅಲ್ಲಿಯೇ ಗಲ್ಲನ್ನು ಉಳಿಸುವುದು ಸರಿಯೇ ಎಂದು ನಾವು ಕೇಳಬೇಕಾಗಿದೆ.

ಇಂದಿನ ಸ್ಥಿತಿ ಎರಡು ಕಡೆಗೆ ಎಳೆಯುತ್ತಿದೆ. ಒಂದು ಕಡೆ ನ್ಯಾಯಾಲಯಗಳು ಬಿಗಿಯಾಗಿವೆ. ಗಲ್ಲಿನ ತೀರ್ಪಿನ ಪುನರ್‌ವಿಮರ್ಶೆಯನ್ನು ತೆರೆದ ನ್ಯಾಯಾಲಯದಲ್ಲಿ ಕೇಳಬೇಕೆಂಬ ನಿಯಮ 2014ರಲ್ಲಿ ಬಂತು. ಅಪರಾಧಿಯ ಬಾಲ್ಯ, ಬಡತನ, ಮನಸ್ಸಿನ ಸ್ಥಿತಿ, ಜೈಲಿನ ನಡತೆ ಇವುಗಳ ವರದಿ ತರಿಸಿಕೊಂಡೇ ಶಿಕ್ಷೆ ನಿರ್ಧರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಕರ್ನಾಟಕದ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ, ಗಲ್ಲಿನ ಬದಲು ಬಿಡುಗಡೆಯಿಲ್ಲದ ಜೀವಾವಧಿ ಎಂಬ ಮಧ್ಯಮಾರ್ಗವನ್ನೂ ಅದು ತೋರಿಸಿತ್ತು. ಇನ್ನೊಂದು ಕಡೆ ಶಾಸನಗಳು ಗಲ್ಲಿನ ವ್ಯಾಪ್ತಿಯನ್ನು ಹಿಗ್ಗಿಸಿವೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯಿದೆಗೆ 2019ರಲ್ಲಿ ಅದು ಸೇರಿತು. 2020ರ ಮಾರ್ಚ್ 20ರಂದು ದೆಹಲಿಯ ತಿಹಾರ್ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. 2023ರ ಕೊನೆಗೆ ದೇಶದಲ್ಲಿ 561 ಮಂದಿ ಗಲ್ಲಿನ ಕೈದಿಗಳಿದ್ದರು.

ಹೊಸ ಕಾನೂನಿನ ಒಂದು ಎಚ್ಚರಿಕೆ

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೆಯ ಕಲಮನ್ನು ಭಕ್ತರು ನೆನಪಿಡಬೇಕು. ಜೈಲಿನ ಅಧೀಕ್ಷಕರು ತೀರ್ಪಿನ ವಿಷಯ ತಿಳಿಸಿದ 30 ದಿನಗಳೊಳಗೆ ಕ್ಷಮಾದಾನದ ಅರ್ಜಿ ಹೋಗಬೇಕು. ರಾಜ್ಯಪಾಲರು ತಿರಸ್ಕರಿಸಿದರೆ ರಾಷ್ಟ್ರಪತಿಗಳಿಗೆ 60 ದಿನಗಳೊಳಗೆ ಸಲ್ಲಿಸಬೇಕು. ಅರ್ಜಿಯನ್ನು ಕೈದಿ, ಅವನ ವಾರಸುದಾರ ಅಥವಾ ಬಂಧು ಕೊಡಬಹುದು. ರಾಷ್ಟ್ರಪತಿಗಳ ನಿರ್ಧಾರವನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲವೆಂದೂ ಆ ಕಲಮು ಹೇಳುತ್ತದೆ. ಪಾಲಾರ್ ನಾಲ್ವರನ್ನು ಉಳಿಸಿದ್ದು ಅದೇ ಬಾಗಿಲು. ಸಂವಿಧಾನ ಕೊಟ್ಟ ಹಕ್ಕನ್ನು ಸಾಮಾನ್ಯ ಕಾನೂನು ಮುಚ್ಚಲಾರದೆಂದು ಕಾನೂನು ಬಲ್ಲವರು ವಾದಿಸುತ್ತಾರೆ. ಏನೇ ಇರಲಿ, ವಿಳಂಬ ತಪ್ಪಿಸಲು ಕಾಲಮಿತಿ ಒಳ್ಳೆಯದೇ. ಅಕ್ಷರ ಬಾರದ, ದೂರದ ಹಳ್ಳಿಯ ಮನೆಗೆ 30 ದಿನ ಎಂಬುದು ಬಹಳ ಸಣ್ಣ ಅವಧಿ.

ನಾವು ಮಾಡಬಹುದಾದದ್ದು

ಕಾನೂನು ಬದಲಿಸುವುದು ಸಂಸತ್ತಿನ ಕೆಲಸ. ನಮ್ಮ ಪಾಲಿಗೂ ಕೆಲಸವಿದೆ. ಜೈಲಿನಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಆ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಬಹುದು. 15100 ಸಂಖ್ಯೆಗೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ. ಕೊಲೆಯಾದವರ ಮನೆಯವರು ಸರಕಾರದ ಪರಿಹಾರ ಯೋಜನೆಯಡಿ ಅರ್ಜಿ ಹಾಕಲು ಅದೇ ಪ್ರಾಧಿಕಾರಕ್ಕೆ ಹೋಗಬೇಕು. ಎಷ್ಟೋ ಮಂದಿಗೆ ಇದು ತಿಳಿದೇ ಇಲ್ಲ. ಓದು ಬಲ್ಲ ನಮ್ಮ ಯುವಕರು ಇಂತಹ ಒಂದು ಮನೆಗೆ ಅರ್ಜಿ ಬರೆದುಕೊಟ್ಟರೂ ಅದು ದಾಸೋಹವೇ.

ಎರಡೂ ಮನೆಗಳಿಗೆ ಹೋಗಿ. ಕೊಲೆಯಾದವನ ಮನೆಗೆ ಮೊದಲು ಹೋಗಿ, ಪದೇ ಪದೇ ಹೋಗಿ. ಕೊಂದವನ ಮಕ್ಕಳು ಶಾಲೆಯಲ್ಲಿ, ಬೀದಿಯಲ್ಲಿ ತಲೆತಗ್ಗಿಸಿ ನಡೆಯದಂತೆ ನೋಡಿಕೊಳ್ಳಿ. ಅಪರಾಧಕ್ಕೆ ದೀರ್ಘವಾದ, ಖಚಿತವಾದ ಸೆರೆ ಇರಲಿ. ವಿಚಾರಣೆ ಬೇಗ ಮುಗಿಯಲಿ. ನೊಂದವರಿಗೆ ನೆರವು ತಲುಪಲಿ. ಇಷ್ಟು ನಡೆದರೆ ಹಗ್ಗವನ್ನು ಕೇಳುವ ಕಾರಣ ಉಳಿಯುವುದಿಲ್ಲವೆಂಬುದು ನಮ್ಮ ನಂಬಿಕೆ.

ಮನನಕ್ಕೆ ಪ್ರಶ್ನೆಗಳು

1. ಪಾಲಾರ್ ಪ್ರಕರಣದಲ್ಲಿ ನೊಂದ ಮನೆಗಳು ಎಷ್ಟು ಬಗೆಯವು? ಗಲ್ಲಾಗಿದ್ದರೆ ಅವುಗಳಲ್ಲಿ ಯಾವ ಮನೆಯ ಕಷ್ಟ ತೀರುತ್ತಿತ್ತು?

2. ಹರಳಯ್ಯ, ಮಧುವರಸರಿಗೆ ಆದ ದಂಡನೆ ಅಂದಿನ ರಾಜಾಜ್ಞೆಯ ಪ್ರಕಾರವೇ ನಡೆಯಿತು. ಹಾಗಾದರೆ ಕಾನೂನಿನ ಪ್ರಕಾರ ನಡೆದದ್ದೆಲ್ಲ ಧರ್ಮವೇ?

3. ಕರು ಹರಚುವ ಶಾಸ್ತ್ರದಲ್ಲಿ ಪಾಪಗಳನ್ನು ಗಟ್ಟಿಯಾಗಿ ಹೇಳುವುದೇಕೆ? ಹೇಳದೆಯೇ ಕ್ಷಮೆ ಕೇಳಿದರೆ ಏನು ಕೊರತೆ?

4. ಕ್ಷಮಾದಾನದ ಅರ್ಜಿಗೆ ಇಂದು ಎಷ್ಟು ದಿನಗಳ ಅವಕಾಶವಿದೆ? ನಿಮ್ಮ ಊರಿನಲ್ಲಿ ಅಂತಹ ಅರ್ಜಿ ಬರೆದುಕೊಡಬಲ್ಲವರು ಯಾರಿದ್ದಾರೆ?

ಭಕ್ತರು ಈ ಪ್ರಶ್ನೆಗಳನ್ನು ಮುಂದಿನ ಅನುಭಾವ ಗೋಷ್ಠಿಯಲ್ಲಿ ಚರ್ಚಿಸಬೇಕಾಗಿ ಕೋರುತ್ತೇವೆ. ಒಪ್ಪದಿರುವವರೂ ತಮ್ಮ ಮಾತನ್ನು ಧಾರಾಳವಾಗಿ ಹೇಳಲಿ.